ಕಂಬ ಅಡ್ಡ ಬಂದರೂ ಹಳೇದೇ ಇರಲಿ

ಹಳೇ ಬೇಸ್‌ಬಾಲ್ ಮೈದಾನಗಳಲ್ಲಿ ಸೌಕರ್ಯವಿಲ್ಲ, ಹೊಸದೇ ವಾಸಿ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಬಾಸ್ಟನ್ನಿನ ಫೆನ್‌ವೇ ಪಾರ್ಕ್ 1912ರದ್ದು. ಇಕ್ಕಟ್ಟಾದ ಮರದ ಸೀಟು, ಕೆಲವು ಕಡೆ ಕೂತರೆ ಕಬ್ಬಿಣದ ಕಂಬವೇ ಚೆಂಡೆಸೆಯುವ ಪಿಚರ್‌ನನ್ನು ನುಂಗಿಬಿಡುತ್ತದೆ. ಆದರೆ ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ ಇದೆಯಲ್ಲ, ಗ್ರೀನ್ ಮಾನ್‌ಸ್ಟರ್, ಅದರ ಸ್ಕೋರ್‌ಬೋರ್ಡಿನ ಹಿಂದೆ ಈಗಲೂ ಮನುಷ್ಯರೇ ಕೂತು ಕೈಯಲ್ಲಿ ನಂಬರ್ ಫಲಕ ಬದಲಾಯಿಸುತ್ತಾರೆ, ಅದನ್ನು ನೋಡೋದೇ ಒಂದು ಖುಷಿ. ಪಕ್ಕದ ಬೀದಿಗೆ ಹೊಂದಿಸಿ ಕಟ್ಟಿದ್ದಕ್ಕೆ ಆ ಸೊಟ್ಟ ಆಕಾರ ಬಂತು, ಯಾರೂ ಚೆಂದಕ್ಕೆ ಅಂತ ಮಾಡಿದ್ದಲ್ಲ.

ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಇಟ್ಟಿಗೆ ಗೋಡೆ ತುಂಬ ಐವಿ ಬಳ್ಳಿ. ಚೆಂಡು ಎಲೆಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಮೇಲೆತ್ತಿ ಸುಮ್ನೆ ನಿಲ್ಲುತ್ತಾನೆ, ಬ್ಯಾಟರ್‌ಗೆ ಎರಡು ಬೇಸ್, ಅಂದರೆ ಓಡಿ ಮುಟ್ಟಬೇಕಾದ ನಾಲ್ಕು ನೆಲೆಗಳಲ್ಲಿ ಎರಡನೆಯದರವರೆಗೆ, ಅಷ್ಟೇ. ಅಲ್ಲಿ ರಾತ್ರಿ ಆಟಕ್ಕೆ ಲೈಟ್ ಬಂದದ್ದೇ 1988ರಲ್ಲಿ, ಗೊತ್ತಾ?

ಹೊಸದೆಲ್ಲ ಕೆಟ್ಟದ್ದು ಅಂತಲ್ಲ. ಟೆಕ್ಸಸ್ ಬಿಸಿಲಿಗೆ ಮುಚ್ಚುವ ಚಾವಣಿ, ಎಸಿ ಬೇಕೇ ಬೇಕು, 2020ರ ಗ್ಲೋಬ್ ಲೈಫ್ ಫೀಲ್ಡ್‌ನಲ್ಲಿ ಎರಡೂ ಇವೆ. ಬಾಲ್ಟಿಮೋರಿನ ಕ್ಯಾಮ್ಡನ್ ಯಾರ್ಡ್ಸ್ 1992ರಲ್ಲೇ ಹಳೇ ಗೋದಾಮನ್ನು ಕೆಡವದೆ ಜೊತೆಗಿಟ್ಟುಕೊಂಡಿತು, ಅದು ಜಾಣತನ. ನನ್ನ ತಕರಾರು ಆ ದೈತ್ಯ ಸ್ಕ್ರೀನುಗಳದ್ದು. ಹೋದ ವರ್ಷ ಒಂದು ಹೊಸ ಸ್ಟೇಡಿಯಂಗೆ ಜಾಸ್ತಿ ದುಡ್ಡು ಕೊಟ್ಟು ಹೋದರೆ ನನ್ನ ಮಗ ಮೂರು ಇನಿಂಗ್ಸ್ ಸ್ಕ್ರೀನನ್ನೇ ನೋಡಿದ. ಆಮೇಲೆ ಕೇಳಿದ, "ಇದನ್ನ ಮನೇಲೇ ನೋಡಬಹುದಿತ್ತು ಅಲ್ವಾ ಅಪ್ಪಾ?"