ಕುರ್ಚಿಯ ಪರವಾಗಿ ಎರಡು ಮಾತು

ಆಫೀಸಿನಲ್ಲಿ ಯಾರಿಗೆ ಸೊಂಟ ಹಿಡಿದಿದೆ ಅಂತ ಗೊತ್ತಾಗುವುದು ಅವರು ಏಳುವಾಗ. ಕೂತಿರುವಷ್ಟು ಹೊತ್ತು ಎಲ್ಲರೂ ಗಟ್ಟಿಮುಟ್ಟೇ. ಏಳಲು ಹೊರಟರೆ ಎರಡೂ ಕೈ ಮೇಜು ಹುಡುಕುತ್ತವೆ, ಬಾಯಿಂದ ಒಂದು 'ಅಮ್ಮಾ' ಹೊರಡುತ್ತದೆ, ಆಮೇಲೆ ಮನುಷ್ಯ ಕಂತು ಕಂತಾಗಿ ನೆಟ್ಟಗಾಗುತ್ತಾನೆ.

ಕೂಡಲೇ ಸುತ್ತಲಿದ್ದವರೆಲ್ಲ ಡಾಕ್ಟರಾಗುತ್ತಾರೆ. ಬೆಲ್ಟ್ ಕಟ್ಟಿಕೋ ಅಂತ ಒಬ್ಬರು, ಎರಡು ವಾರ ಮಲಗಿಬಿಡು ಅಂತ ಇನ್ನೊಬ್ಬರು, ಸ್ಕ್ಯಾನ್ ಮಾಡಿಸು ಅಂತ ಮತ್ತೊಬ್ಬರು. ತಪ್ಪು ಕುರ್ಚಿಯದೇ ಅನ್ನುವುದರಲ್ಲಿ ಮಾತ್ರ ಒಮ್ಮತ. ಪಾಪ, ಅದರ ಪರವಾಗಿಯೂ ಯಾರಾದರೂ ಮಾತಾಡಬೇಕು ಅಲ್ವಾ?

ಪಾದ ನೆಲಕ್ಕೆ ತಾಗಬೇಕು, ಸೊಂಟದ ಹಿಂದೆ ಆಸರೆ ಇರಬೇಕು, ಪರದೆಯ ಮೇಲಂಚು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರಬೇಕು. ಆಸರೆಗೆ ಸುತ್ತಿದ ಟವೆಲ್ಲೂ ಸಾಕು. ಕುರ್ಚಿಯ ಲೆಕ್ಕ ಇಲ್ಲಿಗೆ ಮುಗಿಯಿತು. ಇಷ್ಟೆಲ್ಲ ಸರಿಮಾಡಿಕೊಂಡು ಮೂರು ಗಂಟೆ ಅಲ್ಲಾಡದೆ ಕೂತರೆ ಎಂಥ ದುಬಾರಿ ಕುರ್ಚಿಯೂ ಕೈಚೆಲ್ಲುತ್ತದೆ.

ಸೊಂಟದ ಭಾಗದ ಬೆನ್ನೆಲುಬಿನಲ್ಲಿ 5 ಮೂಳೆಗಳಿವೆ, ನಡುವೆ ಡಿಸ್ಕ್‌ಗಳೆಂಬ ಮೆತ್ತೆಗಳು. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ. ಅಕ್ಕಪಕ್ಕದಿಂದ ಒಸರಿ ಬಂದದ್ದೇ ಅದರ ಊಟ. ಮೈ ಅಲ್ಲಾಡಿದಾಗ ಅದು ಸ್ಪಂಜಿನ ಹಾಗೆ ನೀರು ಬಿಟ್ಟು, ಮತ್ತೆ ಹೀರಿಕೊಳ್ಳುತ್ತದೆ. ಒಂದೇ ಭಂಗಿಯಲ್ಲಿ ಕೂತರೆ ಈ ಓಡಾಟ ಕಡಿಮೆ, ಜೊತೆಗೆ ಅವವೇ ಸ್ನಾಯುಗಳಿಗೆ ಬಿಡುವಿಲ್ಲದ ಡ್ಯೂಟಿ.

ನೆಟ್ಟಗೆ ಕೂರು ಅಂತ ಗದರಿಸಿಕೊಂಡು ಬೆಳೆದವರಿಗೆ ಒಂದು ಸಿಹಿ ಸುದ್ದಿ. 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆವೈದ್ಯ ನಾಕೆಮ್ಸನ್ ಡಿಸ್ಕಿಗೆ ಸೂಜಿ ಚುಚ್ಚಿ ಒತ್ತಡ ಅಳೆದು, ನಿಂತಾಗಿಗಿಂತ ಕೂತಾಗಲೇ ಅದು ಜಾಸ್ತಿ ಅಂದರು. 1999ರಲ್ಲಿ ಪ್ರಕಟವಾದ ಜರ್ಮನಿಯ ಅಳತೆಯಲ್ಲಿ ಕಥೆ ತಿರುಗಿತು. ಕುರ್ಚಿಯಲ್ಲಿ ಹಿಂದಕ್ಕೊರಗಿ ಜಾರಿ ಕೂತಾಗ ಒತ್ತಡ ನಿಂತಾಗಿಗಿಂತ ಕಡಿಮೆ! ಅಳೆದದ್ದು ಒಬ್ಬರೇ ಒಬ್ಬರ ಬೆನ್ನಿನಲ್ಲಿ, ಅದು ಬೇರೆ ಮಾತು. ಹಾಗಂತ ದಿನವಿಡೀ ಜಾರಿಕೊಂಡೇ ಇರಬೇಡಿ. ಸ್ವಲ್ಪ ಹೊತ್ತು ನೆಟ್ಟಗೆ, ಸ್ವಲ್ಪ ಹೊತ್ತು ಒರಗಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಬೆನ್ನಿಗೆ ಬೇಕಾದದ್ದು ಬದಲಾವಣೆ.

ನೋವು ಬಂದಾಗಿದ್ದರೆ? ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಸಾಧ್ಯವಾದಷ್ಟು ನಡೆದಾಡಿ. ಹಾಸಿಗೆ ಹಿಡಿದರೆ ಚೇತರಿಕೆ ತಡವಾಗುತ್ತದೆ. ಬಹುಪಾಲು ಸೊಂಟನೋವು ಕೆಲವೇ ವಾರಗಳಲ್ಲಿ ಸಾಕಷ್ಟು ಇಳಿಯುತ್ತದೆ. ಮತ್ತೆ ಬಾರದಂತೆ ತಡೆಯುವುದರಲ್ಲಿ ವ್ಯಾಯಾಮ ಬೆಲ್ಟಿಗಿಂತ ಮೇಲು. ಇನ್ನು ಸ್ಕ್ಯಾನ್: ನೋವೇ ಇಲ್ಲದ ಎಷ್ಟೋ ಜನರಲ್ಲೂ ಉಬ್ಬಿದ ಡಿಸ್ಕ್ ಕಾಣುತ್ತದೆ. ಸುಮ್ನೆ ನೋಡಿ ಗಾಬರಿಯಾಗುವುದು ಯಾಕೆ? ಆದರೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ತಮಾಷೆಯಲ್ಲ, ಆಗಲೇ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆ ನೋವಿದ್ದರೂ ತಡಮಾಡಬಾರದು.

ಉಳಿದವರಿಗೆ ನನ್ನದೊಂದು ಅಗ್ಗದ ಉಪಾಯ. ಮೇಜಿನ ಮೇಲೆ ಚಿಕ್ಕ ನೀರಿನ ಬಾಟಲಿ ಇಟ್ಟುಕೊಳ್ಳಿ. ಅದು ಖಾಲಿಯಾದಾಗ ಒಮ್ಮೆ ಏಳಲೇಬೇಕು, ಕುಡಿದ ತಪ್ಪಿಗೆ ಇನ್ನೊಮ್ಮೆ.