ಕಂಜಿರವೇ ಬಿಟ್ಟ ಉಡದ ಚರ್ಮ ವಾಚಿಗೆ ಯಾಕೆ ಬೇಕು?

ಸಿಂಗಪುರದಲ್ಲಿ ಉಡಕ್ಕೆ ಸಿಗುವ ಮರ್ಯಾದೆ ನೋಡಿದರೆ ನಮ್ಮ ಶಿಡ್ಲಘಟ್ಟದ ಕಡೆಯವರಿಗೆ ಆಶ್ಚರ್ಯ ಆಗುತ್ತದೆ. ಇಲ್ಲಿನ ಸುಂಗೈ ಬುಲೋ ಜೌಗು ನೆಲದಲ್ಲಿ, ಬೊಟಾನಿಕ್ ಗಾರ್ಡನ್ನಿನ ಕೆರೆ ದಡದಲ್ಲಿ ನೀರು ಉಡಗಳು ಹಾಡಹಗಲೇ ಓಡಾಡುತ್ತವೆ. ಒಂದೊಂದು ಆಳುದ್ದ ಇರುತ್ತದೆ. ಕಾಲುದಾರಿಗೆ ಅಡ್ಡ ಬಂದರೆ ಜನ ನಿಂತುಕೊಳ್ಳುತ್ತಾರೆ, ಅದು ದಾಟಿದ ಮೇಲೆ ಮುಂದೆ ಹೋಗುತ್ತಾರೆ. ಅನುಮತಿ ಇಲ್ಲದೆ ಕಾಡುಪ್ರಾಣಿಯನ್ನು ಹಿಡಿದರೂ ಕೊಂದರೂ ಇಲ್ಲಿ ಅಪರಾಧ. ಆ ಭಯ ಜನರಿಗೂ ಇದೆ.

ನಮ್ಮ ಕಡೆ ಹಾಗಿರಲಿಲ್ಲ. ಬೇಲಿ ಸಂದಿಯಲ್ಲೋ ಕುಂಟೆಯ (ಸಣ್ಣ ಕೆರೆಯ) ಏರಿ ಮೇಲೋ ಉಡ ಕಂಡರೆ ಸಾಕು, ನಾಯಿ ಬಿಟ್ಟು ಹಿಡಿಯುವವರಿದ್ದರು. ಮಾಂಸ ಸೊಂಟಕ್ಕೆ ಒಳ್ಳೆಯದು, ಎಣ್ಣೆ ಕೀಲು ನೋವಿಗೆ ಒಳ್ಳೆಯದು ಅಂತ ನಂಬಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಉಡ ಮೊದಲನೇ ಪಟ್ಟಿಯಲ್ಲಿದೆ. ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಕೊಂದವರಿಗೆ 3ರಿಂದ 7 ವರ್ಷ ಜೈಲು. ಆದರೆ ಊರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ಇಷ್ಟೇ ಆಗಿದ್ದರೆ ಸಿಂಗಪುರದವರನ್ನು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಇದೇ ಊರಿನ ಆರ್ಚರ್ಡ್ ರೋಡಿಗೆ ಹೋಗಿ ನೋಡಿ. ಗಾಜಿನ ಕಪಾಟಿನಲ್ಲಿ ವಾಚ್ ಬೆಲ್ಟುಗಳನ್ನು ಜೋಡಿಸಿಟ್ಟಿರುತ್ತಾರೆ. ಹತ್ತಿರದಿಂದ ನೋಡಿದರೆ ಕೆಲವದರ ಮೇಲೆ ರಾಗಿ ಕಾಳು ಹರಡಿದ ಹಾಗೆ ಸಣ್ಣ ಸಣ್ಣ ಹುರುಪೆ. ದನದ ಚರ್ಮದ ಮೇಲೆ ಅಚ್ಚು ಒತ್ತಿದ್ದಾದರೆ ಎಲ್ಲ ಕಾಳೂ ಒಂದೇ ಸಮ ಇರುತ್ತವೆ. ಅಸಲಿ ಚರ್ಮದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಸಾಲು ಸ್ವಲ್ಪ ಸೊಟ್ಟ. ಅದು ಉಡ. ಪಾರ್ಕಿನಲ್ಲಿ ನಾವು ದಾರಿ ಬಿಟ್ಟೆವಲ್ಲ, ಅದೇ ಜಾತಿ. ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾದಲ್ಲಿ ಹಿಡಿದದ್ದು.

ಹಾವು, ಉಡ, ಮೊಸಳೆ ಚರ್ಮದ ವ್ಯಾಪಾರಕ್ಕೆ ಸಿಂಗಪುರ ದೊಡ್ಡ ಕೂಡುದಾರಿ. ಸುತ್ತಲಿನ ದೇಶಗಳಿಂದ ಚರ್ಮ ಇಲ್ಲಿಗೆ ಬಂದು, ಹದವಾಗಿ, ಯುರೋಪಿಗೆ ಹೋಗುತ್ತದೆ. ಇಲ್ಲಿನ ಹೆಂಗ್ ಲಾಂಗ್ ಎಂಬ ಮೊಸಳೆ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ, ದುಬಾರಿ ಬ್ಯಾಗು, ವಾಚು ಮಾರುವ ಫ್ರಾನ್ಸಿನ ಎಲ್‌ವಿಎಂಎಚ್ ಕಂಪನಿ 2011ರಲ್ಲಿ ಶೇ. 51 ಪಾಲು ತೆಗೆದುಕೊಂಡಿತು. ಆಗ್ನೇಯ ಏಷ್ಯಾದಿಂದ ವರ್ಷಕ್ಕೆ ಹತ್ತಿರ ಹತ್ತಿರ 5 ಲಕ್ಷ ಹೆಬ್ಬಾವಿನ ಚರ್ಮ ಹೊರಗೆ ಹೋಗುತ್ತದೆ ಎಂದು 2012ರ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ವರದಿ ಲೆಕ್ಕ ಹಾಕಿತ್ತು.

ಇದನ್ನು ಎತ್ತಿದರೆ ಇಲ್ಲಿ ಬರುವ ಉತ್ತರ ಒಂದೇ: ಕಾಗದ ಸರಿ ಇದೆ. ನಿಜ, ಕಾಗದ ಸರಿ ಇರುತ್ತದೆ. ಕಾಡುಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕಲು ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಪ್ರಾಣಿಯನ್ನು ಪರವಾನಗಿ ಇದ್ದರೆ ಮಾರಬಹುದು. ನೀರು ಉಡ ಆ ಪಟ್ಟಿಯಲ್ಲಿದೆ. ನಮ್ಮ ಹೊಲದ ಉಡ ಅದೇ ಒಪ್ಪಂದದ ಮೊದಲನೇ ಪಟ್ಟಿಯಲ್ಲಿರುವುದರಿಂದ ಅದರ ವ್ಯಾಪಾರಕ್ಕೆ ಅವಕಾಶ ಇಲ್ಲ. ಆದರೆ ಸೈಟಿಸ್ ಮುಖ್ಯವಾಗಿ ಕೇಳುವುದು ಸಂತತಿ ಉಳಿಯುತ್ತದಾ ಇಲ್ಲವಾ ಅಂತ. ಹಿಡಿದ ಆ ಒಂದು ಪ್ರಾಣಿ ಹೇಗೆ ಸತ್ತಿತು ಅನ್ನುವುದಕ್ಕೆ ಆ ಕಾಗದದಲ್ಲಿ ಜಾಗವೇ ಇಲ್ಲ.

ನನ್ನ ತಕರಾರು ಇರುವುದು ಅಲ್ಲೇ. ಹೆಬ್ಬಾವಿನ ತಲೆಗೆ ಹೊಡೆದು, ಬಾಯಿಗೆ ಕೊಳವೆ ಇಟ್ಟು ನೀರೋ ಗಾಳಿಯೋ ತುಂಬಿಸುತ್ತಾರೆ. ಮೈ ಉಬ್ಬಿದರೆ ಚರ್ಮ ಸಲೀಸಾಗಿ ಬಿಡುತ್ತದೆ ಅಂತ. ಹಾವು, ಉಡಗಳ ಮೈ ನಮ್ಮ ಹಾಗಲ್ಲ. ಉಸಿರು ನಿಂತರೂ, ತಲೆ ಕತ್ತರಿಸಿದರೂ ಮಿದುಳು ತಕ್ಷಣ ಸಾಯುವುದಿಲ್ಲ. ಅದಕ್ಕೇ ಕೊಲ್ಲಲೇಬೇಕಾದರೆ ಮಿದುಳನ್ನು ಕೂಡಲೇ ನಾಶ ಮಾಡಿ ಅಂತ ಪಶುವೈದ್ಯರ ನಿಯಮಗಳು ಹೇಳುತ್ತವೆ. ಕಾಡಂಚಿನ ಯಾವುದೋ ಶೆಡ್ಡಿನಲ್ಲಿ ಅದನ್ನು ಯಾರು ನೋಡುತ್ತಾರೆ? ಹಾವು, ಉಡ ಕಿರುಚುವುದಿಲ್ಲ. ಕುರಿಯ ಹಾಗೆ ಕೂಗುವ ಗಂಟಲಿದ್ದಿದ್ದರೆ ಈ ವ್ಯಾಪಾರ ಇಷ್ಟು ದಿನ ನಡೆಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಎದುರು ವಾದವೂ ಗಟ್ಟಿಯಾಗಿಯೇ ಇದೆ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಬೇಟೆಯಿಂದ ಉಪ್ಪುನೀರಿನ ಮೊಸಳೆ ಸುಮಾರು 3,000ಕ್ಕೆ ಇಳಿದಿತ್ತು. 1971ರಲ್ಲಿ ರಕ್ಷಣೆ ಸಿಕ್ಕಿತು. ಆಮೇಲೆ ಮೊಟ್ಟೆ ಸಂಗ್ರಹಿಸಿ ಫಾರಂಗೆ ಕೊಟ್ಟರೆ ಜಮೀನಿನವರಿಗೆ ದುಡ್ಡು ಅಂತಾಯಿತು, ಮೊಸಳೆ ಇದ್ದರೆ ಲಾಭ ಅಂತಾಯಿತು. ಈಗ ಅವು 1 ಲಕ್ಷದ ಆಸುಪಾಸು. 2018ರಲ್ಲಿ ಫ್ರಾನ್ಸಿನ ಫ್ಯಾಶನ್ ಕಂಪನಿ ಶನೆಲ್ ಮೊಸಳೆ, ಹಾವು, ಉಡದ ಚರ್ಮ ಬಿಡುತ್ತೇವೆ ಅಂದಾಗ ಕೆಲವು ಸಂರಕ್ಷಣಾ ತಜ್ಞರೇ ಬೇಡ ಅಂದಿದ್ದು ಇಂಥ ಕಾರಣಕ್ಕೆ. ಮೊಸಳೆಯ ಸಂಖ್ಯೆ ಹೆಚ್ಚಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಸಂತತಿ ಚೆನ್ನಾಗಿದೆ ಅಂದ ಮಾತ್ರಕ್ಕೆ ಸಿಮೆಂಟ್ ತೊಟ್ಟಿಯಲ್ಲಿ ಬೆಳೆಯುವ ಮೊಸಳೆ ಚೆನ್ನಾಗಿದೆ ಅಂತ ಆಗಲಿಲ್ಲ, ಅಲ್ವಾ?

ಭಾರತ ಈ ವಿಷಯದಲ್ಲಿ ನೇರವಾಗಿ ನಡೆದುಕೊಂಡಿದೆ ಅಂತ ಹೇಳಲು ನನಗೆ ಹೆಮ್ಮೆ. 2017ರ ಜನವರಿಯಲ್ಲಿ ಸರೀಸೃಪಗಳ ಚರ್ಮದ ಆಮದನ್ನೇ ನಿಲ್ಲಿಸಿತು, ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳವನ್ನೂ ಸೇರಿಸಿ. ಲಂಡನ್ ಫ್ಯಾಶನ್ ವೀಕ್ ಇಂಥ ಚರ್ಮ ಬೇಡ ಎಂದದ್ದು 2025ರಿಂದ.

ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸಂಗೀತದಲ್ಲೇ ಇದೆ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಾರಿಸುವ ಪುಟ್ಟ ವಾದ್ಯ ಕಂಜಿರಕ್ಕೆ ಹಿಂದಿನಿಂದ ಬಿಗಿಯುತ್ತಿದ್ದದ್ದು ಉಡದ ಚರ್ಮ. ತೆಳು, ಗಟ್ಟಿ. ಒಂದಿಷ್ಟು ನೀರು ಸವರಿದರೆ ನಾದ ಕೆಳಗಿಳಿದು ಗುಂ ಅನ್ನುತ್ತದೆ. ಕಾನೂನು ಬಂದ ಮೇಲೆ ಮೇಕೆ ಚರ್ಮ, ಸಿಂಥೆಟಿಕ್ ಹಾಳೆ ಹಾಕಿದ ಕಂಜಿರಗಳು ಬಂದವು. ಆ ನಾದ ಬರಲ್ಲ ಅಂತ ನುಡಿಸುವವರು ಇವತ್ತಿಗೂ ಹೇಳುತ್ತಾರೆ. ಅವರ ಕಿವಿ ಸುಳ್ಳು ಹೇಳುವುದಿಲ್ಲ. ಆದರೂ ಕಛೇರಿ ನಿಂತಿಲ್ಲ, ಭಜನೆ ನಿಂತಿಲ್ಲ. ಆ ಚರ್ಮದಿಂದ ನಿಜವಾಗಿ ಕೆಲಸ ಇದ್ದವರೇ ಅದನ್ನು ಬಿಟ್ಟು ನುಡಿಸುತ್ತಿರುವಾಗ, ಗಂಟೆ ತೋರಿಸುವ ವಾಚಿಗೆ ಅದು ಯಾಕೆ ಬೇಕು? ದನದ ಚರ್ಮದ ಬೆಲ್ಟು ಹಾಕಿದರೆ ಮುಳ್ಳು ತಿರುಗುವುದಿಲ್ಲವಾ?

ಇಲ್ಲಿನ ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ, “ಅಲ್ಲ ಗುರೂ, ನಿಮ್ಮೂರಿನ ರೇಷ್ಮೆ ಹುಳದ ಕಥೆ ಏನು?” ಅಂದರು. ಸರಿಯಾದ ಪ್ರಶ್ನೆ. ನಾನು ಹುಳು ಮನೆಯಲ್ಲೇ ಬೆಳೆದವನು. ನಾಲ್ಕು ಜ್ವರ (ಪೊರೆ ಬಿಡುವ ಹಂತ) ಕಳೆದು ಹುಳು ಹಣ್ಣಾದಾಗ ಮೈ ಪಾರದರ್ಶಕ ಆಗುತ್ತದೆ. ಒಂದೊಂದೇ ಆರಿಸಿ, ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವುದು ಮಕ್ಕಳ ಕೆಲಸ. ಆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಗೂಡಿನ ನೂಲು ಬಿಚ್ಚುವ ರೀಲರ್ ಮನೆಯ ಬಿಸಿನೀರಿಗೆ ಬೀಳುತ್ತದೆ. ಒಳಗೆ ಜೀವ ಇರುತ್ತದೆ ಅಂತ ಊರಿಗೆಲ್ಲ ಗೊತ್ತು. ಚಿಟ್ಟೆ ಹೊರಗೆ ಬಂದ ಮೇಲೆ ಎಳೆ ತೆಗೆಯುವ ಅಹಿಂಸಾ ರೇಷ್ಮೆಯೂ ಉಂಟು. ಆದರೆ ಎಳೆ ತುಂಡಾಗುವುದರಿಂದ ಅದನ್ನು ಹತ್ತಿಯ ಹಾಗೆ ನೂಲಬೇಕು, ಬೆಲೆಯೂ ಜಾಸ್ತಿ. ನಮ್ಮ ತಾಲೂಕಿನ ರೈತ, ರೀಲರ್, ಬುಟ್ಟಿ ಹೊರುವವನ ಅನ್ನ ಈ ಗೂಡಿನಲ್ಲಿದೆ. ಅದನ್ನು ನಾಳೆಯೇ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವೂ ಇಲ್ಲ. ಅದಕ್ಕಾಗಿ ಉಡದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನು ಮಾತ್ರ ಒಪ್ಪಲ್ಲ.

ಇಲ್ಲಿರುವ ಕನ್ನಡದವರಲ್ಲಿ ನನ್ನದೊಂದು ಕೋರಿಕೆ. ಭಾವನಿಗೋ ಅಳಿಯನಿಗೋ ಅಂತ ವಾಚು, ಬೆಲ್ಟು ಕೊಳ್ಳುವಾಗ ಯಾವ ಪ್ರಾಣಿಯ ಚರ್ಮ ಅಂತ ಅಂಗಡಿಯಲ್ಲಿ ಕೇಳಿ. ಹಾವು, ಉಡ ಅಂದರೆ ಸೈಟಿಸ್ ಪರವಾನಗಿಯಲ್ಲಿ ಮೂಲ ಏನು ಬರೆದಿದೆ ಅಂತಲೂ ಕೇಳಿ. ಅಲ್ಲಿ ಒಂದು ಅಕ್ಷರ ಇರುತ್ತದೆ. ‘ಸಿ’ ಅಂದರೆ ಸಾಕಿ ಮರಿ ಮಾಡಿಸಿದ್ದು, ‘ಡಬ್ಲ್ಯೂ’ ಅಂದರೆ ಕಾಡಿನಿಂದ ಹಿಡಿದದ್ದು. ನೀರು ಉಡದ ಚರ್ಮದಲ್ಲಿ ಬಹುಪಾಲು ‘ಡಬ್ಲ್ಯೂ’.