ಹಾರದ ಬದಲು ಪುಸ್ತಕ, ಗುಜರಿಯ ಬದಲು ಗ್ರಂಥಾಲಯ

ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಬಸವರಾಜ ಬೊಮ್ಮಾಯಿ ಹೇಳಿದರು. 2023ರಲ್ಲಿ ಸಿದ್ದರಾಮಯ್ಯನವರೂ ಹೂವು, ಶಾಲು ಬೇಡ, ಕೊಡಲೇಬೇಕೆಂದಿದ್ದರೆ ಪುಸ್ತಕ ಕೊಡಿ ಎಂದರು. ಪಕ್ಷಗಳು ಒಮ್ಮತಕ್ಕೆ ಬರುವುದೇ ಅಪರೂಪ, ಬಂದಾಗ ಪೆಟ್ಟು ತಿಂದದ್ದು ಚಿಕ್ಕಬಳ್ಳಾಪುರದ ಗುಲಾಬಿ, ಸೇವಂತಿಗೆ ಬೆಳೆಗಾರರು. ಹೂವಿಗೆ ಒಂದು ದೊಡ್ಡ ಗುಣವಿತ್ತು: ಸಂಜೆಗೆ ಬಾಡಿ ತಿಪ್ಪೆ ಸೇರುತ್ತಿತ್ತು. ಪುಸ್ತಕ ಬಾಡುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿಕೊಳ್ಳದೆಯೇ ವೇದಿಕೆಯಿಂದ ಕಾರಿನ ಡಿಕ್ಕಿಗೆ, ಡಿಕ್ಕಿಯಿಂದ ಅಟ್ಟಕ್ಕೆ ಹೋಗುತ್ತದೆ. ಅಟ್ಟ ತುಂಬಿದ ದಿನ ಯಜಮಾನರಿಗೆ ಜ್ಞಾನ ದಾಸೋಹ ನೆನಪಾಗುತ್ತದೆ.

ದಾಸೋಹ ಪಂಚಾಯಿತಿ ಗ್ರಂಥಾಲಯಕ್ಕೆ ಬಂದಿಳಿಯುವುದು ಟೊಮೆಟೊ ಕ್ರೇಟಿನಲ್ಲಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಪುಕ್ಕಟೆ ಸಿಗುವ ಪೆಟ್ಟಿಗೆ ಅದೊಂದೇ. ತೊಳೆಯದ ಕ್ರೇಟಿನ ತಳದಲ್ಲಿ ಒಡೆದ ಹಣ್ಣಿನ ರಸ ಇರುತ್ತದಲ್ಲ, ಕೆಳಸಾಲಿನ ಪುಸ್ತಕಗಳು ಅದನ್ನು ಅಂಚಿನಿಂದ ಹೀರಿಕೊಂಡು ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತವೆ. ಅಟ್ಟದಿಂದ ಬಂದವುಗಳ ಜೊತೆ ಗೆದ್ದಲು ಪುಕ್ಕಟೆ. ಹೊಸದಾಗಿ ಬಂದ ರಾಶಿಯನ್ನು ಬೇರೆ ಕೋಣೆಯಲ್ಲಿಟ್ಟು, ಧೂಳು ಕೊಡವಿ, ಗಾಳಿಗೆ ಹರವಿ, ಹುಳ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಡಬೇಕು. ಬೇರೆ ಕೋಣೆ ಎಲ್ಲಿದೆ ಎಂದು ದಾನಿಯನ್ನು ಕೇಳಬಾರದು. ಅವರು ಫೋಟೊಗೆ ನಿಂತಿದ್ದಾರೆ.

ಒಳಗೆ ಏನಿದೆ? ಕಳೆದ ವರ್ಷದ ಡೈರಿಗಳು. ಮೂರನೇ ಸಂಪುಟ ಮಾತ್ರ ಇರುವ ವಿಶ್ವಕೋಶ. ಉತ್ತರಕ್ಕೆಲ್ಲ ಮೊದಲೇ ಟಿಕ್ ಹಾಕಿರುವ ಪ್ರಶ್ನೆಬ್ಯಾಂಕು. ಎಲ್ಲಕ್ಕಿಂತ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನ. ಒಂದರಲ್ಲಿ ಎಂದೋ ರದ್ದಾದ ಯೋಜನಾ ಆಯೋಗ ಇನ್ನೂ ಸಭೆ ಸೇರುತ್ತಿದೆ, ಇನ್ನೊಂದರಲ್ಲಿ ಜಮ್ಮು ಮತ್ತು ಕಾಶ್ಮೀರ ಇನ್ನೂ ರಾಜ್ಯ. ಮತ್ತೊಂದರಲ್ಲಿ ಕರ್ನಾಟಕಕ್ಕೆ 27 ಜಿಲ್ಲೆ, ಕೋಲಾರಕ್ಕೆ 11 ತಾಲ್ಲೂಕು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರದಲ್ಲೇ ಕೂತು ಓದುವ ಹುಡುಗಿಗೆ ತನ್ನ ಜಿಲ್ಲೆ ಹುಟ್ಟೇ ಇಲ್ಲ ಎಂದು ಗೊತ್ತಾಗುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಯಲ್ಲಿ ಅದನ್ನೇ ಬರೆದು ಬಂದರೆ ಹೊಣೆ ಯಾರು, ದಾನಶೂರರೇ?

ಪ್ರತಿ ಪುಸ್ತಕಕ್ಕೂ ಅದರ ಓದುಗ ಇರಬೇಕು ಎಂದು ಗ್ರಂಥಾಲಯ ವಿಜ್ಞಾನದ ಪಂಡಿತ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಕಟ್ಟಿದ್ದರು. ಒಂದೇ ಅಭಿನಂದನಾ ಗ್ರಂಥದ 40 ಪ್ರತಿ ಒಟ್ಟಿಗೆ ಬಂದಾಗ ಅಷ್ಟು ಓದುಗರನ್ನು ಯಾವ ಸಂತೆಯಿಂದ ಹಿಡಿದು ತರುವುದೋ ಸೂತ್ರದಲ್ಲಿಲ್ಲ.

ಪುಸ್ತಕ ಕೊಟ್ಟರೆ ಮುಗಿಯಿತು ಎಂದುಕೊಂಡವರಿಗೆ ಒಂದು ಲೆಕ್ಕ. ಬಂದ ಪ್ರತಿ ನಮ್ಮಲ್ಲಿ ಈಗಾಗಲೇ ಇದೆಯೇ ನೋಡಬೇಕು. ಇಲ್ಲವಾದರೆ ಬಂದ ಪುಸ್ತಕಗಳನ್ನು ದಾಖಲಿಸುವ ಪರಿಗ್ರಹಣ ರಿಜಿಸ್ಟರಿನಲ್ಲಿ ತಾರೀಖು, ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟ, ಬೆಲೆ ತುಂಬಿ, ಮೂಲದ ಕಾಲಮ್ಮಿನಲ್ಲಿ ‘ದಾನ’ ಎಂದು ಬರೆಯಬೇಕು. ಶೀರ್ಷಿಕೆ ಪುಟಕ್ಕೊಂದು ಮೊಹರು, ಕಳ್ಳರಿಗೆ ಗೊತ್ತಾಗದ ಒಳಪುಟಕ್ಕೊಂದು. ವಿಷಯವಾರು ವಿಂಗಡಿಸುವ ಡ್ಯೂಯಿ ವರ್ಗೀಕರಣದ ಸಂಖ್ಯೆ (ಕನ್ನಡ ಸಾಹಿತ್ಯಕ್ಕೆ 894.814), ಬೆನ್ನಿಗೆ ಚೀಟಿ, ಒಳರಟ್ಟಿಗೆ ಜೇಬು, ಕಾರ್ಡು, ವಾಪಸಾತಿ ಚೀಟಿ. ಒಂದಕ್ಕೆ ಹತ್ತು ನಿಮಿಷವೆಂದರೂ 300 ಪುಸ್ತಕಕ್ಕೆ 50 ಗಂಟೆ. ಮೂರಡಿಯ ಒಂದು ಅಂತಸ್ತಿಗೆ ಸುಮಾರು 30 ಪುಸ್ತಕ ಹಿಡಿಯುತ್ತವೆ, ಐದಂತಸ್ತಿನ ರ‍್ಯಾಕ್ ಎರಡು ಬೇಕು. ಗ್ರಂಥಾಲಯದ ಮೇಲ್ವಿಚಾರಕರೇ ಗೋಂದು, ಕತ್ತರಿ, ಪೊರಕೆ ಎಲ್ಲ. ಭಾಷಣಕ್ಕೆ ಮಾತ್ರ ಬೇರೆಯವರು.

ಇಷ್ಟಾಗಿ ರಿಜಿಸ್ಟರಿಗೆ ಏರಿತೆಂದರೆ ಅದು ಸರ್ಕಾರಿ ಆಸ್ತಿ. ತೆಗೆದುಹಾಕಲು ಪಟ್ಟಿ, ಪರಿಶೀಲನೆ, ಮೇಲಿನವರ ಒಪ್ಪಿಗೆ ಬೇಕು. ತಪಾಸಣೆಯಲ್ಲಿ ಒಂದು ಕಮ್ಮಿಯಾದರೆ ಉತ್ತರ ಹೇಳಬೇಕಾದವರು ಮೇಲ್ವಿಚಾರಕರು. ಹಾಗಾಗಿ 11 ತಾಲ್ಲೂಕಿನ ಕೋಲಾರ ಬೀಗ ಹಾಕಿದ ಬೀರುವಿನಲ್ಲಿ ಭದ್ರ. ಚಂದದ ಕಥೆಪುಸ್ತಕ ಮಕ್ಕಳ ಕೈಯಲ್ಲಿ ಹರಿದೀತು, ಇದು ಹರಿಯುವ ಪ್ರಶ್ನೆಯೇ ಇಲ್ಲ.

ಇಷ್ಟಕ್ಕೂ ನಗರದ ದಾನಿಗಳು ಆಗಲೇ ದಾನ ಮಾಡಿದ್ದಾರೆ, ಗೊತ್ತಿಲ್ಲ ಅಷ್ಟೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ಗ್ರಂಥಾಲಯ ಕರ. ಸಾವಿರ ತೆರಿಗೆಗೆ 60 ರೂಪಾಯಿ. ವಸೂಲಿ ಮಾಡಿದ ಸ್ಥಳೀಯ ಸಂಸ್ಥೆ ಅದನ್ನು ಗ್ರಂಥಾಲಯಕ್ಕೆ ದಾಟಿಸಬೇಕು. ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದುದ್ದಕ್ಕೂ ಹಳೇ ಕಾಯಿಲೆ. ಆ 60 ರೂಪಾಯಿ ಎಲ್ಲಿ ಹೋಯಿತೆಂದು ಕೇಳಲು ಯಾವ ದಾನಿಯೂ ಶಾಮಿಯಾನ ಹಾಕಿಸಿದ್ದಿಲ್ಲ.

ಏನು ಬೇಕು ಎಂದು ಮೊದಲು ಕೇಳಿದರೆ ಪಟ್ಟಿ ಚಿಕ್ಕದು: ಈ ವರ್ಷದ ಪರೀಕ್ಷಾ ಪುಸ್ತಕ ಎರಡೆರಡು ಪ್ರತಿ, ಚಿತ್ರವಿರುವ ಮಕ್ಕಳ ಪುಸ್ತಕ, ಒಂದು ಮಾಸಪತ್ರಿಕೆಯ ಚಂದಾ, ಎರಡು ರ‍್ಯಾಕ್. ಚಂದಾ ರಸೀದಿ ಫೋಟೊದಲ್ಲಿ ಸರಿಯಾಗಿ ಬರುವುದಿಲ್ಲವಾದ್ದರಿಂದ ಅದು ಬಿದ್ದುಹೋಗುತ್ತದೆ. ರ‍್ಯಾಕ್ ಕೊಡುವ ಪುಣ್ಯಾತ್ಮರು ಅಪರೂಪಕ್ಕೆ ಸಿಗುತ್ತಾರೆ. ಅವರು ತಂದೆ, ತಾಯಿ, ತಾವು, ತಮ್ಮ ಪಕ್ಷದ ಚಿಹ್ನೆ ಎಂದು ಐದೂ ಅಂತಸ್ತಿನ ಪಟ್ಟಿಗೆ ಪೇಂಟ್ ಹೊಡೆಸಿ ಕಳಿಸುವುದರಿಂದ ‘ಇತಿಹಾಸ’, ‘ಕೃಷಿ’ ಎಂದು ಚೀಟಿ ಅಂಟಿಸಲು ಜಾಗವಿರುವುದಿಲ್ಲ.